ಮೂತಿ ಕಾರಿನಲ್ಲಿ ಯಾರು ಎಲ್ಲಿ ಕೂಡಬೇಕು

ನನ್ನ ಎಡಗಾಲಿಗೆ ಒಂದು ಚಟವಿದೆ. ಕಾರಿನಲ್ಲಿ ಯಾರ ಪಕ್ಕದಲ್ಲಿ ಕೂತಿರಲಿ, ಅವರು ಗೇರಿಗೆ ಕೈ ಹಾಕಿದರೆ ಸಾಕು, ಅದು ತಾನಾಗಿಯೇ ನೆಲವನ್ನು ಎರಡು ಸಲ ಒತ್ತುತ್ತದೆ. ಮೊಮ್ಮಗಳು ನಗುತ್ತಾಳೆ. “ಅಜ್ಜಿ, ನಿನ್ನ ಕಾಲ ಕೆಳಗೆ ಕ್ಲಚ್ಚಿಲ್ಲ, ಬರೀ ಚಾಪೆ ಇದೆ” ಎನ್ನುತ್ತಾಳೆ. ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ನಾನು ಕಲಿತ ಕಾರಿನಲ್ಲಿ ಕ್ಲಚ್ಚನ್ನು ಎರಡು ಸಲ ಒತ್ತದಿದ್ದರೆ ಗೇರು ಹಲ್ಲು ಕಡಿಯುತ್ತಿತ್ತು. ಆ ಸದ್ದಿಗೆ ಮಂಡಿಪೇಟೆಯಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಅಂಥ ಕಾರಿನಲ್ಲಿ ಕಲಿತ ಕಾಲು ಇದು, ಮುಪ್ಪಿನಲ್ಲಿ ಬುದ್ಧಿ ಹೇಳಿದರೆ ಕೇಳೀತೆ?

ಆ ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಹಳೇ ಕಾರಿನ ಹುಚ್ಚಿನವರು ಈಗಲೂ ನನ್ನ ಬೆನ್ನು ಹತ್ತುತ್ತಾರೆ. ಇಂಗ್ಲೆಂಡಿನದು, ದೂರದೂರಿಗೆ ಜೋರಾಗಿ ಓಡಿಸಿಕೊಂಡು ಹೋಗಲೆಂದೇ ಮಾಡಿದ್ದು. ಎರಡೇ ಬಾಗಿಲು. ಮುಂದೆ ಮಾರುದ್ದದ ಮೂತಿ, ಹಿಂದೆ ಇಳಿಜಾರಾದ ಬೆನ್ನು. ನಮ್ಮೂರಿನವರು ಅದನ್ನು ಮೂತಿ ಕಾರು ಎಂದು ಕರೆದರು. ನಾವೂ ಹಾಗೇ ಕರೆದೆವು.

ನಾನು ಹರಿಹರದ ಹುಡುಗಿ. ಮದುವೆಯಾಗಿ ದಾವಣಗೆರೆಯ ಹತ್ತಿ ಮಂಡಿಯವರ ಮನೆಗೆ ಬಂದವಳು. ನಾನು ಬಂದ ಮರುವರ್ಷ ಕಾರು ಬಂತು. ಅದು ಬಂದ ಬಗೆ ಹೇಳಿದರೆ ಬೇರೆ ಊರಿನವರು ನಂಬುವುದಿಲ್ಲ, ದಾವಣಗೆರೆಯವರಿಗೆ ಆಶ್ಚರ್ಯವೇ ಆಗುವುದಿಲ್ಲ. ಊರಾಚೆಯ ಹಳೇ ಗೋದಾಮೊಂದು ಹರಾಜಿಗೆ ಬಂದಿತ್ತು. ಬಾಗಿಲು ತೆಗೆದರೆ ಸೂರಿನ ತನಕ ಹತ್ತಿ. ನಮ್ಮ ಮಾವನವರು ಹೊಸಿಲಲ್ಲೇ ನಿಂತು ಒಂದು ಹಿಡಿ ಕಿತ್ತರು, ಎಳೆ ಹಿಗ್ಗಿಸಿ ನೋಡಿದರು, “ಒಳಗಿರೋದೆಲ್ಲ ನಂದು” ಎಂದು ಕೂಗಿಬಿಟ್ಟರು. ಹತ್ತಿಯವರಿಗೆ ಹತ್ತಿ ಕಂಡರೆ ಬೇರೇನೂ ಕಾಣುವುದಿಲ್ಲ. ಮಾರನೆಯ ದಿನ ಹಮಾಲರು ರಾಶಿ ಎಳೆಯುತ್ತ ಹೋದಂತೆ ಒಳಗಿನಿಂದ ಎರಡು ದೊಡ್ಡ ದುಂಡು ಕಣ್ಣುಗಳು ಹೊರಬಂದವು. ಹಮಾಲರು ಓಡಿದರು. ಯಾವುದೋ ಕಾಲದಲ್ಲಿ ಊರು ಬಿಟ್ಟು ಹೋದ ಇಂಗ್ಲಿಷ್ ಎಂಜಿನಿಯರನೊಬ್ಬ ನಿಲ್ಲಿಸಿ ಹೋಗಿದ್ದ ಕಾರಂತೆ. ಅದರ ಮೇಲೆ ಯಾರೋ ಹತ್ತಿ ಸುರಿದಿದ್ದರು, ಮೇಲೆ ಮತ್ತೆ ಸುರಿದಿದ್ದರು, ಕೊನೆಗೆ ಕಾರಿದ್ದದ್ದನ್ನೇ ಮರೆತಿದ್ದರು.

ಮಾವನವರಿಗೆ ಅದು ಬೇಡವಾಗಿತ್ತು. ಅವರ ಪ್ರಕಾರ ಅದು ಹತ್ತಿಯ ಜೊತೆ ಬಂದ ಕಸ, ಬೀಜ, ಕಡ್ಡಿಗಳ ಸಾಲಿಗೆ ಸೇರಿದ್ದು. ಆದರೆ ಅವರ ಒಬ್ಬನೇ ಮಗ, ಅಂದರೆ ನಮ್ಮ ಮನೆಯವರು, ಯಂತ್ರ ಎಂದರೆ ಊಟ ಬಿಡುವವರು. ಹತ್ತಿ ಬಿಡಿಸುವ ಯಂತ್ರದ ಬಿಯರಿಂಗಿಗೆ ಕಿವಿ ಕೊಟ್ಟು, ಹಾಡು ಕೇಳುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದವರು. ಕಾರನ್ನು ನೋಡಿದ ದಿನ ಮನೆಗೆ ಬಂದು ನನ್ನ ಮುಖವನ್ನು ಅದೆಷ್ಟು ಪ್ರೀತಿಯಿಂದ ನೋಡಿದರೆಂದರೆ, ನನಗೆ ಮದುವೆ ಸಾರ್ಥಕ ಎನಿಸಿತು. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಮೂಲಕ ಕಾಣುತ್ತಿದ್ದ ಕಾರನ್ನು.

ಕಾರನ್ನು ಎತ್ತು ಕಟ್ಟಿ ಎಳೆಸಿ ತಂದು ಮಂಡಿಯ ಹಿತ್ತಲಿನಲ್ಲಿ ನಿಲ್ಲಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟುಕೊಂಡಿದ್ದ ಬುಡನ್ ಸಾಬರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಗಾಡಿ ಖಾನ್‌ದಾನಿ ಐತೆ ಸಾವ್ಕಾರ್ರೆ. ಆದ್ರೆ ಇಲಿ ಎಲ್ಲಾ ವೈರು ತಿಂದಾವೆ. ಇನ್ನು ಇಲಿಗೇ ಕರೆಂಟು ಕೊಟ್ಟು ಓಡಿಸ್ಬೇಕು ನೋಡ್ರಿ” ಎಂದರು. ಹಾಗೆ ಶುರುವಾದ ಕೆಲಸ ಮುಗಿಯಲು ಎರಡು ಬೇಸಗೆ ಬಂದು ಹೋದವು.

ನಮ್ಮ ಮನೆಯವರಿಗೆ ಕಾರು ಓಡಿದರೆ ಸಾಲದು. “ಓಡೋದೇನು, ಎತ್ತಿನ ಗಾಡೀನೂ ಓಡ್ತೈತೆ. ಇದು ಹೇಳಿದ ಕಡೆ ತಟ್ಟಂತ ತಿರುಗ್ಬೇಕು” ಎನ್ನುತ್ತಿದ್ದರು. ಮೊದಮೊದಲು ಅದು ಹೇಗಿತ್ತೆಂದರೆ, ಸ್ಟೀರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಗಾಲಿ ಕೂಡುವಲ್ಲಿನ ಬುಷ್‌ಗಳೆಲ್ಲ, ಅಂದರೆ ಬಳೆಯಂಥ ಲೋಹದ ತುಂಡುಗಳೆಲ್ಲ, ಸವೆದಿದ್ದವು. ಇಂಗ್ಲೆಂಡಿನಿಂದ ತರಿಸುವುದು ಕನಸಿನ ಮಾತು. ಆಗ ನೆನಪಾದವನು ನನ್ನ ಅಣ್ಣ. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಸವೆದ ತುಂಡನ್ನು ಕೊಟ್ಟರೆ ರಜಾ ದಿನ ಗೆಳೆಯನ ವರ್ಕ್‌ಶಾಪಿನಲ್ಲಿ ಕೂತು ಹೊಸದು ಕಡೆದು ಕೊಡುತ್ತಿದ್ದ.

ಈಗ ನನ್ನ ಸಂತೋಷ ನಿಮಗೆ ಅರ್ಥವಾಗಿರಬೇಕು. ದಾವಣಗೆರೆಯಿಂದ ಹರಿಹರ ಕೂಗಳತೆಗಿಂತ ಸ್ವಲ್ಪ ದೂರ, ಅಷ್ಟೆ. ಆದರೂ ಸೊಸೆಯಾದವಳು ಹಬ್ಬಕ್ಕೋ ಮದುವೆಗೋ ಅಲ್ಲದೆ ತವರಿಗೆ ಹೋಗುವ ಹಾಗಿರಲಿಲ್ಲ. ಈಗ ಕಾರಿನ ಒಂದೊಂದು ಬುಷ್ಷೂ ನನಗೊಂದು ಹಬ್ಬವಾಯಿತು. ತುಂಡನ್ನು ಹಳೇ ಪಂಚೆಯಲ್ಲಿ ಸುತ್ತಿ, “ಅಣ್ಣಗೆ ನಾನೇ ಬಿಡಿಸಿ ಹೇಳ್ಬೇಕು” ಎಂದು ಮುಖ ಗಂಭೀರ ಮಾಡಿಕೊಂಡು ಗಂಡನ ಹಿಂದೆ ಬಸ್ಸು ಹತ್ತುತ್ತಿದ್ದೆ. ಬಿಡಿಸಿ ಹೇಳುವುದು ಏನಿತ್ತು, ಮಣ್ಣು! ಅವ್ವ ಮಾಡಿದ ಉಂಡೆ ತಿಂದು, ಹೊಳೆ ನೋಡಿ ಬರುತ್ತಿದ್ದೆ. ಯಾವುದಾದರೂ ತುಂಡು ಚೆನ್ನಾಗಿದೆ ಎಂದು ಬುಡನ್ ಸಾಬರು ಹೇಳಿದರೆ ನನಗೆ ಬೇಸರವಾಗುತ್ತಿತ್ತು.

ಅಣ್ಣನೂ ನಾನೂ ಚಿಕ್ಕವರಿದ್ದಾಗ ಬೀಸುವ ಕಲ್ಲನ್ನು ಬಸ್ಸು ಮಾಡಿಕೊಂಡು ಆಡುತ್ತಿದ್ದೆವು. ಕಲ್ಲಿನ ಗೂಟವೇ ಸ್ಟೀರಿಂಗು. ಅವನು ಯಾವತ್ತೂ ಡ್ರೈವರು, ನಾನು ಯಾವತ್ತೂ ಕಂಡಕ್ಟರು. ನನಗೂ ಒಂದು ಸಲ ಕೊಡು ಎಂದರೆ, “ಮುಂದಿನ ಸ್ಟಾಪಿನಾಗೆ” ಎನ್ನುತ್ತಿದ್ದ. ಆ ಸ್ಟಾಪು ಬರುವ ಮೊದಲೇ ಅವ್ವ ಜೋಳ ತಂದು ಸುರಿಯುತ್ತಿದ್ದಳು. ಈ ಹಳೇ ಹಕ್ಕನ್ನು ನೆನಪಿಸಿ ಒಂದೆರಡು ಬುಷ್ ಹೆಚ್ಚಿಗೆ ಮಾಡಿಸಿಕೊಂಡದ್ದೂ ಉಂಟು.

ಅವನು ಕಡೆದ ಬುಷ್‌ಗಳು ಕೂತ ಮೇಲೆ ಸ್ಟೀರಿಂಗಿನ ಉಡಾಫೆ ನಿಂತಿತು. ಎರಡು ಕಾರ್ಬ್ಯುರೇಟರುಗಳು ಒಂದೇ ಸಮ ಉಸಿರಾಡಬೇಕೆಂದು ಬುಡನ್ ಸಾಬರು ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಅವುಗಳ ಬಾಯಿಗೆ ಹಿಡಿದು, ಡಾಕ್ಟರರ ಹಾಗೆ “ಹೂಂ... ಹೂಂ...” ಎನ್ನುತ್ತ ಕೂಡುತ್ತಿದ್ದರು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲುತ್ತಿತ್ತು. ಅದಕ್ಕೆ ಮುಂದಿನ ಎರಡು ಗಾಲಿಗಳನ್ನೂ ಸೇರಿಸಿ ಒಂದು ಉಕ್ಕಿನ ಸರಳು ಬಗ್ಗಿಸಿ ಹಾಕಿದರು. ಹಿಂದಿನ ಕಮಾನು ಪಟ್ಟಿಗಳಿಗೆ ಹೊಸ ಹದ ಕೊಡಿಸಿದರು. ಕಾರು ನೆಲಕ್ಕೆ ಇನ್ನಷ್ಟು ಹತ್ತಿರವಾಯಿತು. ಅತ್ತೆಯವರು ಬಂದು ನೋಡಿ, “ಇದೇನಪ್ಪ, ಕಾರು ಕುಕ್ಕರಗಾಲಿನಾಗೆ ಕುಂತೈತೆ” ಎಂದರು.

ಇಷ್ಟೆಲ್ಲ ಆಗುವಾಗ ಮಾವನವರು ಸುಮ್ಮನಿದ್ದರು ಎಂದುಕೊಂಡಿರಾ? ಬೇಡ ಬೇಡ ಎನ್ನುತ್ತಲೇ ಅವರೂ ಕೈ ಹಾಕಿದರು. ಸೀಟಿನೊಳಗೆ ತೆಂಗಿನ ನಾರು ತುಂಬುವ ಮಾತು ಬಂದಾಗ ಅವರಿಗೆ ತಡೆಯಲಾಗಲಿಲ್ಲ. “ಹತ್ತಿ ಮಂಡಿಯವರ ಕಾರಿನಾಗೆ ನಾರು ತುಂಬಿದ್ರೆ ಊರು ನಗ್ತೈತೆ” ಎಂದು, ಗಾದಿ ಹೊಲಿಯುವ ಪಿಂಜಾರರನ್ನು ಕರೆಸಿ, ತಮ್ಮ ಕೈಯಾರೆ ಆರಿಸಿದ ಹತ್ತಿಯನ್ನು ತುಂಬಿಸಿದರು. ತುಂಬಿಸಿಯೇ ತುಂಬಿಸಿದರು. ಸೀಟು ಅಂಗಡಿಯ ಗಾದಿಯಾಯಿತು, ಒರಗುವ ಬೆನ್ನು ಲೋಡುದಿಂಬಾಯಿತು. ಮಾವನವರು ಹೆಮ್ಮೆಯಿಂದ ಹತ್ತಿ ಕೂತರೆ ರುಮಾಲು ಸೂರಿಗೆ ಒತ್ತಿ ಹಣೆಗಿಳಿಯಿತು. ನಮ್ಮ ಮನೆಯವರು ಕೂತರೆ ಮೊಳಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡವು. ಇಳಿಸಲು ಬುಡನ್ ಸಾಬರು ಬರಬೇಕಾಯಿತು. ಕೊನೆಗೆ ಅರ್ಧ ಹತ್ತಿ ತೆಗೆಸಿದರು. ಆ ಹತ್ತಿಯಲ್ಲಿ ಮನೆಗೆ ಎರಡು ಹೊಸ ಗಾದಿಗಳಾದವು.

ಇನ್ನು ನಾನು ಕಲಿತ ಕಥೆ. ನಮ್ಮ ಮನೆಯವರು ಕಾರನ್ನು ಬಿಚ್ಚಿ ಜೋಡಿಸುವುದರಲ್ಲಿ ಗಟ್ಟಿ, ನಡೆಸುವುದರಲ್ಲಿ ಮಾತ್ರ ದೇವರೇ ಗತಿ. ಕೈ ಸ್ಟೀರಿಂಗಿನ ಮೇಲಿದ್ದರೂ ಕಿವಿ ಎಂಜಿನ್ನಿನ ಮೇಲೆ. ಏನೋ ಟಕಟಕ ಎಂದಿತೆಂದರೆ ತಲೆ ಓರೆಯಾಗುತ್ತಿತ್ತು, ತಲೆ ಹೋದ ಕಡೆ ಕಾರೂ ಹೋಗುತ್ತಿತ್ತು. ಒಂದು ಸಲ ಹರಿಹರದ ದಾರಿಯಲ್ಲಿರುವ ಬಾತಿಯ ಹತ್ತಿರ ಹೀಗೇ ಕೇಳುತ್ತ ಕೇಳುತ್ತ ಜೋಳದ ಹೊಲಕ್ಕೆ ನುಗ್ಗಿದರು. ಮನೆಗೆ ಬಂದು ಸ್ಟೀರಿಂಗ್ ಇನ್ನೂ ಸರಿಯಾಗಬೇಕೆಂದರು. “ಕುಣಿಯಲಾರದಾಕಿಗೆ ನೆಲ ಡೊಂಕು” ಎಂದು ಅತ್ತೆಯವರು ಒಳಗಿನಿಂದಲೇ ಹೇಳಿದರು.

ಒಂದು ದಿನ ಮುಂದಿನ ಬಲಗಾಲಿಯಿಂದ ಸದ್ದು ಬರುತ್ತಿತ್ತು. ಕಾರು ನಡೆಯುವಾಗ ಹೊರಗಿನಿಂದ ಕೇಳಿದರೇ ಗೊತ್ತಾಗುವ ಸದ್ದು. ಬುಡನ್ ಸಾಬರು ಊರಲ್ಲಿರಲಿಲ್ಲ. “ನೀ ಬಾ, ಸ್ವಲ್ಪ ಹಿಡ್ಕ. ಹಿತ್ತಲಾಗೇ, ನಿಧಾನಕ್ಕೆ. ನಾ ಪಕ್ಕದಾಗೆ ನಡೀತಾ ಕೇಳ್ತೀನಿ” ಎಂದರು. ತಾವೇ ಗೇರು ಹಾಕಿಕೊಟ್ಟು, ಕ್ಲಚ್ಚು ಬಿಡುವುದನ್ನು ತೋರಿಸಿದರು. ನಾನು ಹಿಡಿದೆ. ಕಾರು ಮುಂದಕ್ಕೆ ಹೋಯಿತು. ನಾನು ತಿರುಗಿಸಿದೆ, ಅದು ತಿರುಗಿತು. ಅಷ್ಟು ದೊಡ್ಡ ಮೂತಿ, ಅಷ್ಟು ಭಾರದ ಕಬ್ಬಿಣ, ನನ್ನ ಬಳೆಯ ಕೈ ಹೇಳಿದ್ದನ್ನು ಕೇಳಿತು. ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ? ನನಗೆ ಜೋರಾಗಿ ನಗು ಬಂತು. ಅವರು ಗಾಲಿಗೆ ಕಿವಿ ಕೊಟ್ಟು ಬಗ್ಗಿಕೊಂಡು ಓಡುತ್ತ, “ನಗಬ್ಯಾಡ, ಸದ್ದು ಕೇಳವಲ್ದು!” ಎಂದು ಕೂಗಿದರು.

ಆಮೇಲೆ ಕಾರಿನಲ್ಲಿ ಸದ್ದುಗಳು ಹೆಚ್ಚಾದವು. ಇದ್ದ ಸದ್ದು ಅವರಿಗೆ ಕೇಳುತ್ತಿತ್ತು, ಇಲ್ಲದ ಸದ್ದು ನನಗೆ ಕೇಳುತ್ತಿತ್ತು. ಮಾವನವರು ಬೆಳಗಿನ ಶಿವಪೂಜೆಗೆ ಕೂತ ಹೊತ್ತಿನಲ್ಲಿ ನಾವು ಆನೆಕೊಂಡದ ಕಡೆಗೋ ಬಾತಿಯ ಕಡೆಗೋ ಹೋಗುತ್ತಿದ್ದೆವು. ಊರು ದಾಟಿದ ಮೇಲೆ ಜಾಗ ಬದಲು. ನಮ್ಮ ಮನೆಯವರು ಕಣ್ಣು ಮುಚ್ಚಿ ಎಂಜಿನ್ನು ಕೇಳುತ್ತಿದ್ದರು, ನಾನು ಕಣ್ಣು ಬಿಟ್ಟು ರಸ್ತೆ ನೋಡುತ್ತಿದ್ದೆ. ಅದಕ್ಕಿಂತ ಒಳ್ಳೆಯ ದಾಂಪತ್ಯವನ್ನು ನಾನು ಕಂಡಿಲ್ಲ. ಹೇಗೋ ನನ್ನ ಹೆಸರಿಗೆ ಲೈಸೆನ್ಸನ್ನೂ ಮಾಡಿಸಿ, ಅದನ್ನು ನನ್ನ ಸೀರೆಗಳ ನಡುವೆ ಇಟ್ಟರು.

ಅಲ್ಲಿಂದ ನನಗೆ ಒಂದೇ ಆಸೆ. ಕದ್ದು ಮುಚ್ಚಿ ಅಲ್ಲ, ಹಗಲು ಹೊತ್ತಿನಲ್ಲಿ, ಮನೆಯ ಬಾಗಿಲಿನಿಂದ ಹೊರಟು, ನಾನೇ ಕಾರು ನಡೆಸಿಕೊಂಡು ಹರಿಹರಕ್ಕೆ ಹೋಗಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇದ್ದ ಬಾತಿಯೂ ತಪ್ಪುತ್ತದೆಂದು ಭಯ. ಮಾವನವರ ಮುಂದೆ ಸೊಸೆ ಕೂಡುವುದೇ ಇಲ್ಲದ ಮನೆ ಅದು. ಅವರು ಪಡಸಾಲೆಗೆ ಬಂದರೆ ನಾನು ಎದ್ದು ಕಂಬದ ಮರೆಗೆ ನಿಲ್ಲಬೇಕು. ಅಂಥಲ್ಲಿ ಕಾರಿನ ಮಾತು ಎತ್ತುವುದು ಹೇಗೆ?

ಕಡೆಗೂ ಕಾರು ಸಿದ್ಧವಾಯಿತು. ಅದೇ ವಾರ ಅಣ್ಣನ ಮಗುವಿಗೆ ಹೆಸರಿಡುವ ಕಾರ್ಯ ಬಂತು. ಬೀಗರೆಲ್ಲ ಬರಲೇಬೇಕೆಂದು ಹರಿಹರದಿಂದ ಕರೆ ಬಂತು. ಮಾವ, ಅತ್ತೆ, ಮಗ, ಸೊಸೆ ನಾಲ್ವರೂ ಮೂತಿ ಕಾರಿನಲ್ಲೇ ಹೋಗುವುದೆಂದಾಯಿತು. ಬಾಗಿಲಲ್ಲಿ ಕಾರು ನಿಂತಿತು. ಪೂಜೆಯಾಯಿತು, ಗಾಲಿಗೆ ನಿಂಬೆಹಣ್ಣು ಇಟ್ಟದ್ದಾಯಿತು. ಬುಡನ್ ಸಾಬರು ಹೊಸ ಟೋಪಿ ಹಾಕಿಕೊಂಡು ಕಳಿಸಿಕೊಡಲು ಬಂದಿದ್ದರು. ಓಣಿಯವರೆಲ್ಲ ಸೇರಿದ್ದರು. ಆಗ ಗೊತ್ತಾಯಿತು ನೋಡಿ: ಎರಡು ವರ್ಷ ಇಡೀ ಕಾರನ್ನು ಬಿಚ್ಚಿ ಕಟ್ಟಿದವರು, ಅದರಲ್ಲಿ ಯಾರು ಎಲ್ಲಿ ಕೂಡಬೇಕೆಂದು ಮಾತ್ರ ಯೋಚಿಸಿರಲಿಲ್ಲ.

ಮುಂದೆ ಎರಡು ಸೀಟು. ಹಿಂದೆ ಇದ್ದದ್ದು ಸೀಟೆಂಬ ಹೆಸರಿನ ಒಂದು ಹಲಗೆ. ಅದಕ್ಕೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಿ, ಬಗ್ಗಿ ನುಸುಳಬೇಕು. ಮಗ ಸ್ಟೀರಿಂಗಿಗೆ, ಯಜಮಾನರು ಪಕ್ಕಕ್ಕೆ, ಹೆಂಗಸರು ಹಿಂದಕ್ಕೆ ಎಂಬ ಲೆಕ್ಕದಲ್ಲಿ ಅತ್ತೆಯವರು ಮೊದಲು ನುಸುಳಿದರು. ಅವರು ಧಾರಾಳವಾದ ಮೈಯವರು. ಅರ್ಧ ಒಳಗೆ ಹೋದರು, ಮಿಕ್ಕ ಅರ್ಧ ಹೋಗಲಿಲ್ಲ. ನಾನೂ ಪಕ್ಕದ ಮನೆಯಾಕೆಯೂ ಸೇರಿ ಹೊರಗೆಳೆದೆವು. ಹಾಗಾದರೆ ಅವರು ಮುಂದೆಯೇ ಕೂಡಬೇಕು. ಸಣಕಲು ಮೈಯ ಮಾವನವರು ಹಿಂದೆ ಹಿಡಿಸುತ್ತಾರೆ, ಸರಿ. ಆದರೆ ಅವರ ಪಕ್ಕ, ತೊಡೆಗೆ ತೊಡೆ ತಾಗುವ ಆ ಹಲಗೆಯ ಮೇಲೆ, ಸೊಸೆ? ಮಾವನವರು ಕೆಮ್ಮಿದರು.

“ಅವಳು ಬಸ್ಸಿನಾಗೆ ಬರ್ಲಿ ಬಿಡು” ಎಂದರು ನಮ್ಮ ಮನೆಯವರು. ನನ್ನ ತವರಿನ ಕಾರ್ಯ, ನನ್ನ ಅಣ್ಣ ಕಡೆದ ಬುಷ್‌ಗಳು, ನಾನು ಕಲಿತ ಕಾರು. ನಾನೇ ಬಸ್ಸಿನಲ್ಲಿ! ಕಣ್ಣಲ್ಲಿ ನೀರು ಬಂತು. ಗಂಡನನ್ನು ನೋಡಿದ ನೋಟಕ್ಕೆ ರೇಡಿಯೇಟರು ಕುದಿಯಬೇಕಿತ್ತು.

“ಅವಳ್ಯಾಕ ಬಸ್ಸಿನಾಗೆ ಬರ್ಬೇಕು? ನೀನು ನಿಮ್ಮಪ್ಪನ ಜೊತೆ ಹಿಂದೆ ಕೂಡು. ಗಾಡಿ ಅವಳು ನಡೆಸ್ತಾಳೆ” ಎಂದರು ಅತ್ತೆಯವರು.

“ಯಾರು?” ಎಂದರು ಮಾವನವರು.

“ಇವಳೇ. ದಿನಾ ನೀವು ಪೂಜೆಗೆ ಕುಂತಾಗ ಬಾತಿ ತನಕ ಹೋಗಿ ಬರೋದು ಯಾರು ಅಂದ್ಕಂಡ್ರಿ? ಹಾಲಿನಾಕಿ ಎಲ್ಲಾ ಹೇಳ್ಯಾಳೆ ನಂಗೆ. ನಿಮ್ಮ ಮಗ ನಡೆಸಿದ್ರೆ ನಾ ಬರಲ್ಲ, ಜೋಳದ ಹೊಲದಾಗೆ ಕೂಡಾಕೆ ನನ್ನ ಕೈಲಿ ಆಗಲ್ಲ.”

“ನನ್ನ ಮುಂದೆ ಸೊಸಿ ಕೂಡೋದು...” ಎಂದು ಮಾವನವರು ಶುರುಮಾಡಿದರು.

“ಅದೆಲ್ಲಿ ಕೂಡೋ ಜಾಗರಿ? ಅದು ಕೆಲಸದ ಜಾಗ. ರೊಟ್ಟಿ ಬಡಿಯಾಕೆ ಒಲೆ ಮುಂದೆ ಕುಂತ್ರೆ ನಿಮ್ಮ ಮುಂದೆ ಕುಂತಂಗೆ ಆಗ್ತೈತೇನು? ರೊಟ್ಟಿ ಬ್ಯಾಡ ಅಂದೀರೇನು ಯಾವತ್ತಾದ್ರೂ?”

ಮಾವನವರು ರುಮಾಲು ಸರಿಮಾಡಿಕೊಂಡರು. ಎಷ್ಟೋ ಪಂಚಾಯಿತಿ ಮಾಡಿದ ಮನುಷ್ಯ, ನ್ಯಾಯ ಎಲ್ಲಿದೆಯೆಂದು ಅವರಿಗೆ ಗೊತ್ತಾಗುತ್ತಿತ್ತು. “ಕೆಲಸ ಅಂದ್ರೆ ಬ್ಯಾರೆ ಮಾತು” ಎಂದು ಹೇಳಿ, ಸೀಟು ಮಡಚಿಸಿ, ತಾವೇ ಮೊದಲು ಹಿಂದಕ್ಕೆ ನುಸುಳಿದರು. ನಮ್ಮ ಮನೆಯವರು ಅವರ ಪಕ್ಕ ಮುದುರಿಕೊಂಡರು. ಅತ್ತೆಯವರು ಮುಂದೆ ವಿರಾಜಮಾನರಾದರು. “ಬಿಸ್ಮಿಲ್ಲಾ, ಹೊಡೀರಿ ತಾಯಿ!” ಎಂದು ಬುಡನ್ ಸಾಬರು ಬಾನೆಟ್ಟು ತಟ್ಟಿದರು. ನಿಂಬೆಹಣ್ಣುಗಳು ಚಟ್ಟನೆ ಒಡೆದವು.

ಆ ದಾರಿ ನನಗೆ ಈಗಲೂ ಅಂಗೈ ಗೆರೆಯ ಹಾಗೆ ಗೊತ್ತು. ಬೇವಿನ ಮರಗಳು, ಎದುರಿಗೆ ಬರುವ ಹತ್ತಿ ಗಾಡಿಗಳು, ಬಾತಿಯ ಗುಡ್ಡ, ಅದರ ಕೆರೆ. ತಿರುವಿಗೆ ಮೊದಲು ಗೇರು ಇಳಿಸಿದೆ, ಹಲ್ಲು ಕಡಿಯಲಿಲ್ಲ. ಕಾರು ರಸ್ತೆಯನ್ನು ಹಿಡಿದುಕೊಂಡೇ ತಿರುಗಿತು. ಅತ್ತೆಯವರು ವಾಲಲಿಲ್ಲ, ಅದಕ್ಕಿಂತ ದೊಡ್ಡ ಪರೀಕ್ಷೆ ಆ ಉಕ್ಕಿನ ಸರಳಿಗೆ ಬೇರೆ ಬೇಕಿರಲಿಲ್ಲ. ಮಾವನವರು ನನ್ನೊಡನೆ ನೇರ ಮಾತಾಡುತ್ತಿರಲಿಲ್ಲವಾದ್ದರಿಂದ ಅಪ್ಪಣೆಗಳೆಲ್ಲ ಅತ್ತೆಯವರ ಮೂಲಕ ಬರುತ್ತಿದ್ದವು. “ನಿಧಾನ ಅಂತ ಹೇಳು.” “ಎತ್ತಿಗೆ ದಾರಿ ಬಿಡು ಅಂತ ಹೇಳು.” ಅತ್ತೆಯವರು ಒಂದನ್ನೂ ದಾಟಿಸಲಿಲ್ಲ. ಕಿಟಕಿಯಾಚೆ ನೋಡುತ್ತ ಎಲೆಯಡಿಕೆ ಹಾಕುತ್ತಿದ್ದರು. ಗುತ್ತೂರಿನ ದಾರಿ ಕೂಡುವಷ್ಟರಲ್ಲಿ ಹೊಗೆಯುಗುಳುವ ಬಸ್ಸೊಂದು ಮುಂದೆ ಸಿಕ್ಕಿ ದಾರಿ ಬಿಡದೆ ಸತಾಯಿಸತೊಡಗಿತು. ಹಿಂದಿನಿಂದ ಮಾವನವರ ದನಿ ಕೇಳಿತು: “ದಾಟು ಅಂತ ಹೇಳು.”

ನಾನು ದಾಟಿದೆ. ಹಿಂದಿನಿಂದ ಯಾರೋ ನಕ್ಕ ಹಾಗಾಯಿತು. ನಮ್ಮ ಮನೆಯವರ ನಗು ಅದಲ್ಲ.

ಹರಿಹರ ಮುಟ್ಟಿದಾಗ, ಬೀಗರು ಕಾರಿನ ಹಿಂದಿನಿಂದ ಬಗ್ಗಿಕೊಂಡು ಹೊರಬಂದದ್ದನ್ನು ನೋಡಿ ನಮ್ಮಪ್ಪ ಕೈ ಮುಗಿದುಬಿಟ್ಟ. “ತಪ್ಪು ತಿಳೀಬ್ಯಾಡ್ರಿ ಬೀಗ್ರೆ, ನಮ್ಮ ಹುಡುಗಿ...” ಎಂದು ತಡವರಿಸಿದ. “ಯಾಕ, ಏನಾತು? ಕೆಲಸ ಚೊಲೊ ಮಾಡ್ತಾಳೆ” ಎಂದು ಮಾವನವರು ಕಾಲು ತೊಳೆಯಲು ನೀರು ಕೇಳಿದರು.

ಆಮೇಲೆ ನಮ್ಮ ಮನೆಯಲ್ಲಿ ಕೆಲಸಗಳು ಹೆಚ್ಚಾದವು. ಸಂಜೆ ಮಂಡಿಯಿಂದ ಬಂದವರೇ ಮಾವನವರು, “ಬಾತಿ ತನಕ ಒಂದು ಕೆಲಸ ಐತೆ ಅಂತ ಹೇಳು” ಎನ್ನುತ್ತಿದ್ದರು. ನಾನು ಕರೆದುಕೊಂಡು ಹೋಗುತ್ತಿದ್ದೆ. ಬಾತಿಯಲ್ಲಿ ಇಳಿದು ಕೆರೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಮತ್ತೆ ಬಂದು ಹಿಂದಿನ ಹಲಗೆಗೇ ನುಸುಳಿ, ಯಾರಿಗೂ ಅಲ್ಲದ ಹಾಗೆ “ಕೆಲಸ ಆತು” ಎನ್ನುತ್ತಿದ್ದರು. ಮುಂದಿನ ಸೀಟು ಖಾಲಿಯಿದ್ದರೂ ಅವರು ನನ್ನ ಪಕ್ಕ ಕೂಡಲಿಲ್ಲ. ಆ ಮರ್ಯಾದೆಯನ್ನು ಕೊನೆಯ ತನಕ ಬಿಡಲಿಲ್ಲ. ನನಗೆ ಅವರ ಮೇಲೆ ತುಂಬ ಪ್ರೀತಿಯಾಯಿತು.

ಒಂದು ಬೆಳಗ್ಗೆ, ಹಬ್ಬವಿಲ್ಲ, ಕಾರ್ಯವಿಲ್ಲ, ಬದಲಿಸಬೇಕಾದ ಬುಷ್ಷೂ ಇಲ್ಲ, ಪೂಜೆ ಮುಗಿಸಿ ಬಂದವರು ಅಡುಗೆ ಮನೆಯ ಬಾಗಿಲ ಹತ್ತಿರ ನಿಂತು, “ಹರಿಹರದಾಗೆ ಕೆಲಸ ಐತೆ. ನಂಗೆ ಬರಾಕೆ ಆಗಲ್ಲ, ಅವನಿಗೆ ಮಂಡಿ ಐತೆ. ಅವಳೊಬ್ಬಳೇ ಹೋಗಿ ಮಾಡ್ಕಂಡು ಬರ್ಲಿ” ಎಂದರು.

“ಏನ್ ಕೆಲಸರಿ ಅದು?” ಎಂದರು ಅತ್ತೆಯವರು.

“ಅವರವ್ವನ್ನ ನೋಡ್ಕಂಡು ಬರೋದು.”

ಮೂತಿ ಕಾರು ತವರಿನ ಬಾಗಿಲಲ್ಲಿ ನಿಂತಾಗ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಯಾರ ಜೊತೆ ಬಂದ್ಯೇ?” ಎಂದಳು. ಒಬ್ಬಳೇ ಎಂದೆ. ನಂಬಲಿಲ್ಲ. ಬಾಗಿಲು ತೆಗೆದು, ಮುಂದಿನ ಸೀಟು ಮಡಚಿ, ಹಿಂದಿನ ಹಲಗೆಯ ತನಕ ಇಣುಕಿ ನೋಡಿದಳು. ಯಾರೂ ಇರಲಿಲ್ಲ. ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಒಲೆ ಆರಿಸಿ, ಕೈ ತೊಳೆದು, ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟಿದ್ದಳು. ಮುಂದಿನ ಸೀಟಿನಲ್ಲಿ ಕೂತು ಬಾಗಿಲನ್ನು ತಾನೇ ಎಳೆದುಕೊಂಡು, “ಹೊಳಿ ದಾಟಿಸು ನನ್ನ, ಆ ದಂಡಿ ತನಕ ನಡಿ” ಎಂದಳು.